ಕನ್ನಡಿ ನೋಡಿಕೊಂಡರೆ ಸಾಲದು: ಊಟದ ಅಸ್ವಸ್ಥತೆಯಲ್ಲಿ ಮೈ ತಪ್ಪಾಗಿ ಕಾಣುವುದೇಕೆ, ಅದನ್ನು ತಿದ್ದುವುದು ಹೇಗೆ

ಮಗಳು ಊಟ ಬಿಟ್ಟು ಸೊರಗುತ್ತಿರುವ ಮನೆಗಳಲ್ಲಿ ದಿನಕ್ಕೆ ಹತ್ತು ಸಲ ಕೇಳಿಬರುವ ಮಾತೊಂದಿದೆ: "ಒಂದ್ಸಲ ಕನ್ನಡಿ ನೋಡ್ಕೋ." ಶಿರಸಿಯಲ್ಲಿ ಆಪ್ತಸಮಾಲೋಚಕಿಯಾಗಿರುವ ನನ್ನೆದುರು ಕುಳಿತು ಎಷ್ಟೋ ತಾಯಂದಿರು ಇದನ್ನೇ ಹೇಳಿದ್ದಾರೆ. ಕನ್ನಡಿ ಸುಳ್ಳು ಹೇಳುವುದಿಲ್ಲ, ಹುಡುಗಿಯೇ ಹಟ ಹಿಡಿದಿದ್ದಾಳೆ ಎಂಬುದು ಅವರ ನಂಬಿಕೆ. ಆದರೆ ಆ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಹೊತ್ತು ಕನ್ನಡಿ ನೋಡಿದವಳು ಅವಳೇ. ತಾಯಿಗೆ ಎದ್ದು ಕಾಣುವ ಕೊರಳಿನ ಮೂಳೆ ಅವಳಿಗೆ ಕಾಣುವುದಿಲ್ಲ, ಅವಳಿಗೆ ಕಾಣುವ ಹೊಟ್ಟೆ ತಾಯಿಗೆ ಕಾಣುವುದಿಲ್ಲ. ಇಬ್ಬರೂ ತಮಗೆ ಕಂಡದ್ದನ್ನೇ ಪ್ರಾಮಾಣಿಕವಾಗಿ ಹೇಳುತ್ತಿರುತ್ತಾರೆ ಎಂಬುದನ್ನು ಒಪ್ಪಿಕೊಳ್ಳದ ಹೊರತು, ತೂಕ ತೀರಾ ಇಳಿದರೂ ಊಟ ಬಿಡುತ್ತಲೇ ಹೋಗುವ ಅನೊರೆಕ್ಸಿಯಾ ಎಂಬ ಈ ಕಾಯಿಲೆಯಲ್ಲಿ ಯಾರಿಗೂ ಸಹಾಯ ಮಾಡಲು ಸಾಧ್ಯವಿಲ್ಲ.

ಕುಮಟಾದ ಕಡೆಯ ಒಬ್ಬ ವಿದ್ಯಾರ್ಥಿನಿಯನ್ನು ಈ ಲೇಖನದ ಉದ್ದಕ್ಕೂ ನೆನೆಯುತ್ತೇನೆ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಮೊದಲ ದಿನ ಅವಳು ನನ್ನ ಕೋಣೆಯೊಳಗೆ ಬಂದ ರೀತಿ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಬಾಗಿಲು ಪೂರ್ತಿ ತೆರೆದಿತ್ತು, ಇಬ್ಬರು ಒಟ್ಟಿಗೆ ದಾಟುವಷ್ಟು ಜಾಗವಿತ್ತು. ಅವಳು ಮಾತ್ರ ಒಂದು ಭುಜವನ್ನು ಮುಂದೆ ಮಾಡಿ, ಮೈಯನ್ನು ಓರೆಯಾಗಿ ತಿರುಗಿಸಿ, ತುಂಬಿದ ಬಸ್ಸಿನಲ್ಲಿ ನುಸುಳುವವರ ಹಾಗೆ ಒಳಗೆ ಬಂದಳು.

ತಿಳಿವಳಿಕೆ ಒಂದು, ಕಾಣುವುದು ಇನ್ನೊಂದು ಎಂಬುದಕ್ಕೆ ನಮ್ಮ ಕರಾವಳಿಯಲ್ಲೇ ಒಳ್ಳೆಯ ಉದಾಹರಣೆಯಿದೆ. ಹುಣ್ಣಿಮೆಯ ಸಂಜೆ ಕಾರವಾರದ ಕಡಲದಂಡೆಯಲ್ಲಿ ಪೂರ್ವಕ್ಕೆ ಮುಖ ಮಾಡಿ ನಿಂತರೆ ಗುಡ್ಡಗಳ ಹಿಂದಿನಿಂದ ಏಳುವ ಚಂದ್ರ ಪರಾತದಷ್ಟು ದೊಡ್ಡದಾಗಿ ಕಾಣುತ್ತಾನೆ; ನಡುರಾತ್ರಿ ನೆತ್ತಿಯ ಮೇಲೆ ಬಂದಾಗ ಅದೇ ಚಂದ್ರ ಸಣ್ಣ ಬಟ್ಟಲಿನಂತಾಗಿರುತ್ತಾನೆ. ಕೈಯನ್ನು ಪೂರ್ತಿ ಚಾಚಿ ಕಿರುಬೆರಳಿನ ಉಗುರಿನಿಂದ ಮುಚ್ಚಿ ನೋಡಿದರೆ ಎರಡು ಹೊತ್ತಿನಲ್ಲೂ ಅವನು ಒಂದೇ ಅಳತೆಯವನು, ಸುಮಾರು ಅರ್ಧ ಡಿಗ್ರಿ. ಹಾಗೆ ಅಳೆದು ಖಚಿತ ಮಾಡಿಕೊಂಡ ಮೇಲೂ ಮುಂದಿನ ಹುಣ್ಣಿಮೆಗೆ ಅವನು ಮತ್ತೆ ದೊಡ್ಡದಾಗಿಯೇ ಕಾಣುತ್ತಾನೆ, ಏಕೆಂದರೆ ಗಾತ್ರವನ್ನು ಕಣ್ಣು ಅಳೆಯುವುದಿಲ್ಲ. ಸುತ್ತಲಿನ ಸುಳಿವುಗಳನ್ನು ಸೇರಿಸಿ ಮಿದುಳು ಅಂದಾಜು ಮಾಡುತ್ತದೆ, ಮತ್ತು ಆ ಅಂದಾಜು ನಮ್ಮ ವಾದವನ್ನು ಕೇಳಿಸಿಕೊಳ್ಳುವುದಿಲ್ಲ. ನಮ್ಮ ಮೈಯ ಗಾತ್ರವೂ ಮಿದುಳಿನ ಇಂಥದೇ ಒಂದು ಅಂದಾಜು. "ನೀನು ದಪ್ಪ ಇಲ್ಲ" ಎಂದು ನೂರು ಸಲ ಹೇಳಿದರೂ ಅನೊರೆಕ್ಸಿಯಾ ಇರುವವರ ಅನುಭವ ಬದಲಾಗದಿರುವುದು ಇದೇ ಕಾರಣಕ್ಕೆ.

ಅನೊರೆಕ್ಸಿಯಾ ನರ್ವೋಸಾ ಎಂಬ ಹೆಸರನ್ನು ಲಂಡನ್ನಿನ ವೈದ್ಯ ವಿಲಿಯಂ ಗಲ್ 1870ರ ದಶಕದಲ್ಲೇ ಕೊಟ್ಟಿದ್ದರು. ಆದರೆ ರೋಗಿಗೆ ತನ್ನ ಮೈಯೇ ಬೇರೆಯಾಗಿ ಕಾಣುತ್ತದೆ ಎಂಬುದನ್ನು ಕಾಯಿಲೆಯ ನಡುಮಧ್ಯದಲ್ಲಿ ಇಟ್ಟು ಹೇಳಿದವರು ಅಮೆರಿಕದಲ್ಲಿ ನೆಲೆಸಿದ್ದ ಮನೋವೈದ್ಯೆ ಹಿಲ್ಡೆ ಬ್ರೂಕ್, 1962ರಲ್ಲಿ. ಎಲುಬಿನ ಹಂದರವಾಗಿದ್ದೂ "ನಾನು ಸರಿಯಾಗಿಯೇ ಇದ್ದೇನೆ" ಎನ್ನುವ ರೋಗಿಯ ಮಾತನ್ನು ಅವರು ಹಟವೆಂದು ತಳ್ಳಿಹಾಕದೆ ರೋಗಲಕ್ಷಣವೆಂದು ಓದಿದರು. 1973ರಲ್ಲಿ ಇಂಗ್ಲೆಂಡಿನಲ್ಲಿ ಸ್ಲೇಡ್ ಮತ್ತು ರಸೆಲ್ ಎಂಬ ಇಬ್ಬರು ಇದನ್ನು ಅಳೆದು ನೋಡಿದರು. ಕತ್ತಲ ಕೋಣೆಯಲ್ಲಿ ಜರುಗಿಸಬಹುದಾದ ಎರಡು ದೀಪಗಳಿದ್ದವು; ನಿಮ್ಮ ಸೊಂಟ ಎಷ್ಟು ಅಗಲವೋ ಅಷ್ಟು ದೂರಕ್ಕೆ ಇವನ್ನು ಇಡಿಸಿ ಎಂದು ಕೇಳಲಾಯಿತು. ಅನೊರೆಕ್ಸಿಯಾ ಇದ್ದವರು ಇರುವುದಕ್ಕಿಂತ ಬಹಳ ಅಗಲವಾಗಿ ದೀಪಗಳನ್ನು ಇಡಿಸಿದರು. ನಂತರದ ದಶಕಗಳ ಅಧ್ಯಯನಗಳು ಈ ಚಿತ್ರವನ್ನು ಸ್ವಲ್ಪ ಜಟಿಲಗೊಳಿಸಿವೆ. ಎಲ್ಲ ರೋಗಿಗಳೂ ಹಿಗ್ಗಿಸಿ ಕಾಣುವುದಿಲ್ಲ. ಕಾಯಿಲೆ ಇಲ್ಲದವರೂ ತಮ್ಮ ಮೈಯನ್ನು ಅಂದಾಜು ಮಾಡುವಾಗ ತಪ್ಪುತ್ತಾರೆ. ಕೆಲವು ರೋಗಿಗಳು ಅಳತೆಯನ್ನು ಸರಿಯಾಗಿ ಹೇಳಿಯೂ ಆ ಅಳತೆಯನ್ನು ಸಹಿಸಲಾರರು. ಆದ್ದರಿಂದ ಇಂದು ತಜ್ಞರು ಎರಡನ್ನು ಬೇರೆಬೇರೆಯಾಗಿ ನೋಡುತ್ತಾರೆ: ಮೈಯ ಗಾತ್ರವನ್ನು ಅಂದಾಜಿಸುವುದರಲ್ಲಿನ ತಪ್ಪು, ಮತ್ತು ಆ ಗಾತ್ರಕ್ಕೆ ಮನಸ್ಸು ಕೊಡುವ ಬೆಲೆ. ಚಿಕಿತ್ಸೆ ಎರಡನ್ನೂ ಮುಟ್ಟಬೇಕು.

ಬಾಗಿಲಿಗೆ ಮರಳುತ್ತೇನೆ. ನೆದರ್‌ಲ್ಯಾಂಡ್ಸಿನ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಭಾಗವಹಿಸಿದವರಿಗೆ ಬೇರೆಬೇರೆ ಅಗಲದ ಬಾಗಿಲುಗಳ ಮೂಲಕ ನಡೆಯಲು ಹೇಳಿ, ಅವರ ಗಮನವನ್ನು ಬೇರೊಂದು ಕೆಲಸದ ಮೇಲೆ ಇರಿಸಲಾಗಿತ್ತು. ಆರೋಗ್ಯವಂತ ಹೆಂಗಸರು ಬಾಗಿಲು ತಮ್ಮ ಭುಜಗಳಿಗಿಂತ ಶೇಕಡಾ 25ರಷ್ಟು ಅಗಲವಿರುವಾಗ ಮೈ ತಿರುಗಿಸತೊಡಗಿದರು. ಅನೊರೆಕ್ಸಿಯಾ ಇದ್ದವರು ಶೇಕಡಾ 40ರಷ್ಟು ಅಗಲವಿದ್ದಾಗಲೇ ತಿರುಗಿಸುತ್ತಿದ್ದರು. ಬಾಗಿಲು ದಾಟುವಾಗ ಯಾರೂ ಕನ್ನಡಿ ನೋಡುವುದಿಲ್ಲ, ಚಂದ ಕಾಣುತ್ತೇನೆಯೇ ಎಂದು ಯೋಚಿಸುವುದೂ ಇಲ್ಲ. ಅಂದರೆ ತಪ್ಪು ಇರುವುದು ಆಲೋಚನೆಯಲ್ಲಿ ಮಾತ್ರವಲ್ಲ, ಕಾಲು ಎತ್ತಿಡುವ, ಭುಜ ತಿರುಗಿಸುವ ಮಟ್ಟದಲ್ಲಿ ಮಿದುಳು ಇಟ್ಟುಕೊಂಡಿರುವ ದೇಹದ ನಕ್ಷೆಯಲ್ಲಿಯೇ.

ಈ ನಕ್ಷೆ ಎಂದರೇನು ಎಂದು ನಮ್ಮ ಜಿಲ್ಲೆಯವರಿಗೆ ವಿವರಿಸಲು ಯಕ್ಷಗಾನಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ. ಚೌಕಿಮನೆಯಲ್ಲಿ ಕಿರೀಟ, ಭುಜಕೀರ್ತಿ, ಎದೆಕಟ್ಟು ಎಲ್ಲ ಕಟ್ಟಿಕೊಂಡ ವೇಷಧಾರಿಯ ಮೈ ಎತ್ತರ ಅಗಲ ಎರಡರಲ್ಲೂ ಬೆಳೆದಿರುತ್ತದೆ. ಆದರೂ ನುರಿತವನು ಚೌಕಿಯ ಅಡ್ಡಗಳುವಿಗೆ ತಲೆ ತಾಗಿಸದೆ ರಂಗಕ್ಕೆ ಬರುತ್ತಾನೆ, ಪಕ್ಕದ ವೇಷಕ್ಕೆ ಭುಜ ತಗಲದ ಹಾಗೆ ಗಿರಕಿ ಹೊಡೆಯುತ್ತಾನೆ. ಕಿರೀಟದ ತುದಿಯವರೆಗೂ ಅವನ ಮಿದುಳಿನ ನಕ್ಷೆ ಹಬ್ಬಿಕೊಂಡಿರುತ್ತದೆ. ನರವಿಜ್ಞಾನಿಗಳಾದ ಹೆನ್ರಿ ಹೆಡ್ ಮತ್ತು ಗಾರ್ಡನ್ ಹೋಮ್ಸ್ 1911ರಲ್ಲೇ ಇದನ್ನು ಗಮನಿಸಿ, ಹೆಂಗಸಿಗೆ ತನ್ನ ಟೋಪಿಯ ಗರಿಯವರೆಗೂ ದೇಹದ ಅರಿವು ಹಬ್ಬಿರಬಲ್ಲದು ಎಂದು ಬರೆದಿದ್ದರು. ವೇಷ ಬಿಚ್ಚಿ ಸ್ವಲ್ಪ ಹೊತ್ತಿನಲ್ಲಿ ಕಲಾವಿದನ ನಕ್ಷೆ ಅವನ ಸ್ವಂತ ಮೈಗೆ ಮರಳುತ್ತದೆ. ಅನೊರೆಕ್ಸಿಯಾದಲ್ಲಿ ಆಗುವುದು ಇದರ ಉಲ್ಟಾ: ಮೈ ಕರಗಿ ಹೋಗಿರುತ್ತದೆ, ನಕ್ಷೆ ಮಾತ್ರ ವೇಷ ಬಿಚ್ಚಿರುವುದಿಲ್ಲ.

ನಕ್ಷೆ ಹೀಗೆ ಹಳೆಯದರಲ್ಲೇ ಸಿಕ್ಕಿಕೊಳ್ಳುವುದು ಏಕೆ ಎಂಬುದಕ್ಕೆ ಒಂದೇ ಉತ್ತರವಿಲ್ಲ. ಹಸಿವೇ ಒಂದು ಕಾರಣ, ಮತ್ತು ನನ್ನ ಅಭಿಪ್ರಾಯದಲ್ಲಿ ಮನೆಯವರು ಅತ್ಯಂತ ಕಡಿಮೆ ಗಮನಿಸುವ ಕಾರಣ. ಎರಡನೆಯ ಮಹಾಯುದ್ಧದ ಕೊನೆಯ ಹೊತ್ತಿಗೆ ಅಮೆರಿಕದ ಮಿನೆಸೋಟಾದಲ್ಲಿ ಆನ್ಸೆಲ್ ಕೀಸ್ ಅವರು 36 ಮಂದಿ ಆರೋಗ್ಯವಂತ ಯುವಕರನ್ನು, ಅವರ ಒಪ್ಪಿಗೆಯ ಮೇಲೆ, ಆರು ತಿಂಗಳು ಅರೆಹೊಟ್ಟೆಯಲ್ಲಿಟ್ಟು ಅಧ್ಯಯನ ನಡೆಸಿದ್ದರು. ತೂಕದ ಚಿಂತೆ ಎಂದೂ ಇಲ್ಲದಿದ್ದ ಆ ಗಂಡಸರು ಹಗಲಿರುಳು ಊಟದ್ದೇ ಧ್ಯಾನ ಮಾಡತೊಡಗಿದರು, ಒಬ್ಬೊಬ್ಬರೇ ಮೂಲೆ ಸೇರಿದರು. ಮತ್ತು ಅವರಲ್ಲಿ ಕೆಲವರಿಗೆ ತಾವು ಬಡಕಲಾಗಿದ್ದೇವೆ ಎನ್ನಿಸದೆ ಉಳಿದವರೆಲ್ಲ ವಿಪರೀತ ದಪ್ಪ ಇದ್ದಾರೆ ಎನ್ನಿಸುತ್ತಿತ್ತು. ಹಸಿದ ಮಿದುಳಿನ ಅಳತೆಗೋಲೇ ಬಾಗಿಬಿಡುತ್ತದೆ.

ಇನ್ನೊಂದು ಕಾರಣ, ಕಣ್ಣು ದಿನವೂ ಏನನ್ನು ನೋಡುತ್ತದೆ ಎಂಬುದು. ಸಪೂರ ಮೈಗಳ ಚಿತ್ರಗಳನ್ನೇ ಕೆಲವು ನಿಮಿಷ ನೋಡಿದವರಿಗೆ ಆಮೇಲೆ ಸಾಮಾನ್ಯ ಮೈ ದಪ್ಪವಾಗಿ ಕಾಣುತ್ತದೆ ಎಂಬುದು ಪ್ರಯೋಗಗಳಲ್ಲಿ ಮತ್ತೆ ಮತ್ತೆ ಕಂಡಿದೆ. ಕೆಲವು ನಿಮಿಷಕ್ಕೆ ಹೀಗಾದರೆ, ದಿನವಿಡೀ ಕೈಯಲ್ಲಿರುವ ಫೋನಿನಿಂದ ಏನಾದೀತು? ನಮ್ಮ ಹಾಗೆಯೇ ಮೀನು, ತೆಂಗಿನಕಾಯಿ, ಗೆಡ್ಡೆಗೆಣಸು ಉಣ್ಣುವ, ತುಂಬು ಮೈಯನ್ನು ಆರೋಗ್ಯದ ಗುರುತೆಂದು ನೋಡುತ್ತಿದ್ದ ಫಿಜಿ ದ್ವೀಪದ ಒಂದು ಭಾಗಕ್ಕೆ 1995ರಲ್ಲಿ ಟೆಲಿವಿಷನ್ ಬಂತು. ಅಲ್ಲಿನ ಶಾಲಾ ಹುಡುಗಿಯರನ್ನು ಆ ವರ್ಷವೂ ಮೂರು ವರ್ಷಗಳ ನಂತರವೂ ಆನ್ ಬೆಕರ್ ಎಂಬ ಸಂಶೋಧಕಿ ಪರಿಶೀಲಿಸಿದರು. ಊಟದ ಬಗೆಗಿನ ಪ್ರಶ್ನಾವಳಿಯಲ್ಲಿ ಅಪಾಯದ ಮಟ್ಟದ ಅಂಕ ಪಡೆದವರು ಮೊದಲು ಶೇಕಡಾ 12.7 ಇದ್ದರು, 1998ರಲ್ಲಿ ಶೇಕಡಾ 29.2 ಆಗಿದ್ದರು. ಎರಡು ಸಲವೂ ಕೇಳಿದ್ದು ಬೇರೆಬೇರೆ ಹುಡುಗಿಯರನ್ನು, ಮತ್ತು ಟೆಲಿವಿಷನ್ ಒಂದೇ ಕಾರಣವೆಂದು ಇದರಿಂದ ಸಾಬೀತಾಗುವುದಿಲ್ಲ. ಆದರೂ ಕಡಲದಂಡೆಯ ಹಳ್ಳಿಗೆ ಇಂಥ ಕಾಯಿಲೆ ಬರುವುದಿಲ್ಲ, ಇದು ಪೇಟೆಯವರದು ಎನ್ನುವವರಿಗೆ ನಾನು ಈ ಅಧ್ಯಯನವನ್ನು ನೆನಪಿಸುತ್ತೇನೆ.

ಮೂರನೆಯದು ನೋಡುವ ರೀತಿ. ಊಟದ ಚಿಂತೆ ಇರುವವರು ತಮ್ಮ ಮೈಯಲ್ಲಿ ತಮಗೆ ಇಷ್ಟವಿಲ್ಲದ ಭಾಗಗಳ ಮೇಲೆಯೇ ಕಣ್ಣು ನೆಡುತ್ತಾರೆ, ಇನ್ನೊಬ್ಬರ ಮೈಯಲ್ಲಿ ಚಂದದ ಭಾಗಗಳನ್ನೇ ಹುಡುಕುತ್ತಾರೆ. ಹೊಟ್ಟೆಯನ್ನೊಂದೇ ದಿನಕ್ಕೆ ಇಪ್ಪತ್ತು ಸಲ ದಿಟ್ಟಿಸುವವಳಿಗೆ ಆ ಹೊಟ್ಟೆ ಇಡೀ ಮೈಯಾಗಿಬಿಡುತ್ತದೆ. ನನ್ನ ವಿದ್ಯಾರ್ಥಿನಿ ಹಾಸ್ಟೆಲಿನಲ್ಲಿ ಪ್ರತಿ ಸಲ ಕೈ ತೊಳೆಯಲು ಹೋದಾಗಲೂ ಬೆರಳುಗಳಿಂದ ಮಣಿಕಟ್ಟನ್ನು ಸುತ್ತಿ ನೋಡಿಕೊಳ್ಳುತ್ತಿದ್ದಳು. ಇದರಿಂದ ಸಮಾಧಾನ ಸಿಗುತ್ತದೆ ಎಂದು ಅವಳು ನಂಬಿದ್ದಳು. ಬರೆದಿಟ್ಟುಕೊಂಡು ನೋಡಿದಾಗ ಪ್ರತಿ ಸಲವೂ ಆತಂಕ ಹೆಚ್ಚಿಯೇ ಹೊರಬರುತ್ತಿದ್ದಳು.

ಇನ್ನು ತಿದ್ದುವ ಮಾತು. ಹಸಿದ ಮಿದುಳಿಗೆ ಯಾವ ಅಭ್ಯಾಸವೂ ಪೂರ್ತಿ ಹತ್ತುವುದಿಲ್ಲವಾದ್ದರಿಂದ ಮೊದಲ ಮದ್ದು ಊಟವೇ. ಆದರೆ ಬಹಳ ದಿನ ಉಪವಾಸವಿದ್ದು ತೀರಾ ಇಳಿದುಹೋದವರಿಗೆ ಒಮ್ಮೆಲೇ ತುಂಬ ಉಣ್ಣಿಸಿದರೆ ರಕ್ತದಲ್ಲಿನ ಫಾಸ್ಫೇಟ್ ಮುಂತಾದ ಲವಣಗಳು ಕುಸಿದು ಹೃದಯಕ್ಕೇ ಅಪಾಯವಾಗಬಹುದು. ಆದ್ದರಿಂದ ಅದು ವೈದ್ಯರ ಮೇಲ್ವಿಚಾರಣೆಯಲ್ಲಿಯೇ ನಡೆಯಬೇಕು. ತೂಕ ಮರಳತೊಡಗಿದಾಗ ಮನೆಯವರು ನಿಟ್ಟುಸಿರು ಬಿಡುತ್ತಾರೆ. ರೋಗಿಗೆ ಮಾತ್ರ ಅದೇ ಅತಿ ಕಷ್ಟದ ಕಾಲ, ಏಕೆಂದರೆ ಮೈಗೆ ಬಂದ ಒಂದು ಬೆರಳಿನಷ್ಟು ತುಂಬುವಿಕೆ ಅವಳಿಗೆ ಒಂದು ಗೇಣಿನಷ್ಟು ಕಾಣುತ್ತದೆ. ದೇಹವನ್ನು ನೋಡುವ ದೃಷ್ಟಿಯ ಮೇಲೆ ಕೆಲಸ ಮಾಡದೆ ತೂಕವನ್ನಷ್ಟೇ ಏರಿಸಿ ಮನೆಗೆ ಕಳಿಸಿದರೆ ಅವಳು ಮತ್ತೆ ಜಾರುವ ಸಾಧ್ಯತೆ ಹೆಚ್ಚು.

ಅತಿ ಸರಳವಾದ ಸಾಧನ ಒಂದು ದಾರ. ನಿನ್ನ ಸೊಂಟದ ಸುತ್ತಳತೆ ಎಷ್ಟಿರಬಹುದೋ ಅಷ್ಟು ದೊಡ್ಡ ವೃತ್ತವನ್ನು ದಾರದಿಂದ ನೆಲದ ಮೇಲೆ ಮಾಡು ಎಂದು ಕೇಳುತ್ತೇವೆ. ಆಮೇಲೆ ಇನ್ನೊಂದು ದಾರವನ್ನು ನಿಜವಾಗಿ ಸೊಂಟಕ್ಕೆ ಸುತ್ತಿ, ಬಿಚ್ಚಿ, ಮೊದಲಿನ ವೃತ್ತದೊಳಗೆ ಇಡುತ್ತೇವೆ. ನಮ್ಮ ವಿದ್ಯಾರ್ಥಿನಿ ಆ ಎರಡು ವೃತ್ತಗಳ ನಡುವೆ ಉಳಿದ ಜಾಗವನ್ನು ಬಹಳ ಹೊತ್ತು ನೋಡುತ್ತ ಕುಳಿತಳು. ನಾನು ಏನೂ ಹೇಳಲಿಲ್ಲ, ಹೇಳಬಾರದು ಕೂಡ. "ನೋಡಿದ್ಯಾ, ನಾ ಹೇಳಿರಲಿಲ್ಲವಾ" ಎಂದುಬಿಟ್ಟರೆ ದಾರವೂ ವಾದಕ್ಕಿಳಿದ ಹಾಗಾಗುತ್ತದೆ. ಕಿರುಬೆರಳ ಉಗುರು ಚಂದ್ರನಿಗೆ ಮಾಡುವ ಕೆಲಸವನ್ನೇ ದಾರ ಇಲ್ಲಿ ಮಾಡುತ್ತದೆ: ಕಾಣುವುದನ್ನು ಬದಲಿಸದಿದ್ದರೂ, ಕಂಡದ್ದನ್ನೆಲ್ಲ ನಂಬಬೇಕಿಲ್ಲ ಎಂಬ ಸಂದೇಹಕ್ಕೆ ಜಾಗ ಮಾಡಿಕೊಡುತ್ತದೆ. ಇದನ್ನು ಮನೆಯಲ್ಲಿ ತಾವೇ ಮಾಡಿಸಬೇಡಿ ಎಂದು ಪೋಷಕರನ್ನು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ಮಾರ್ಗದರ್ಶನವಿಲ್ಲದ ಅಳತೆ ಬಲುಬೇಗ ದಿನವೂ ಅಳೆದುಕೊಳ್ಳುವ ಚಟವಾಗುತ್ತದೆ.

ಇದೇ ತತ್ವವನ್ನು ಇನ್ನೂ ಮುಂದಕ್ಕೆ ಒಯ್ದವರಿದ್ದಾರೆ. ಬಾಗಿಲಿನ ಪ್ರಯೋಗ ಮಾಡಿದ ಡಚ್ ತಂಡವೇ ಬೇರೆಬೇರೆ ಗಾತ್ರದ ಬಳೆಗಳನ್ನು, ಅಂದರೆ ಮೈ ತೂರುವಷ್ಟು ದೊಡ್ಡ ಉಂಗುರಗಳನ್ನು ಬಳಸಿ ಅಭ್ಯಾಸವೊಂದನ್ನು ರೂಪಿಸಿತು. ಯಾವ ಉಂಗುರದಲ್ಲಿ ತಾನು ತೂರಬಲ್ಲೆ ಎಂದು ರೋಗಿ ಮೊದಲು ಆರಿಸುತ್ತಾಳೆ, ಆಮೇಲೆ ನಿಜವಾಗಿ ತೂರುತ್ತಾಳೆ. ಉಂಗುರ ಎಷ್ಟು ಸಡಿಲ ಎಂಬುದನ್ನು ಚರ್ಮವೇ ಮಿದುಳಿಗೆ ತಿಳಿಸುತ್ತದೆ. ಇದೇ ತಂಡದ 2016ರ ಅಧ್ಯಯನದಲ್ಲಿ ಅನೊರೆಕ್ಸಿಯಾ ಇದ್ದ 30 ಮಂದಿ, ಕಣ್ಣೆದುರು ಕೃತಕ ಲೋಕವನ್ನು ತೋರಿಸುವ ವರ್ಚುವಲ್ ರಿಯಾಲಿಟಿಯ ಕನ್ನಡಕ ಹಾಕಿಕೊಂಡು ಆರೋಗ್ಯಕರ ತೂಕದ ಒಂದು ಮೈಯನ್ನು ತಮ್ಮದೆಂಬಂತೆ ಕೆಳಗೆ ನೋಡಿದರು. ಆ ಮೈಯ ಹೊಟ್ಟೆಯನ್ನು ಸವರುವುದು ಅವರಿಗೆ ಕಾಣುತ್ತಿದ್ದಂತೆಯೇ ಅವರ ಹೊಟ್ಟೆಯನ್ನೂ ಸವರಲಾಗುತ್ತಿತ್ತು. ಅನಂತರ ಅವರು ತಮ್ಮ ಮೈಯನ್ನು ಹಿಗ್ಗಿಸಿ ಅಂದಾಜಿಸುವುದು ಕಡಿಮೆಯಾಯಿತು, ಎರಡು ಮುಕ್ಕಾಲು ಗಂಟೆಯ ನಂತರ ಅಳೆದಾಗಲೂ ಆ ಬದಲಾವಣೆ ಉಳಿದಿತ್ತು. ಕೆಲವು ಗಂಟೆಗಳ ಬದಲಾವಣೆಯನ್ನು ಗುಣವಾಯಿತೆಂದು ಕರೆಯಲಾಗದು. ಆದರೆ ನಕ್ಷೆ ಕಲ್ಲಿನಲ್ಲಿ ಕೆತ್ತಿದ್ದಲ್ಲ ಎಂಬುದು ಇದರಿಂದ ಖಚಿತವಾಯಿತು.

ಘಟ್ಟದ ಮೇಲಿನ ನನ್ನ ಕೋಣೆಯಲ್ಲಿ ಅಂಥ ಯಂತ್ರವೇನೂ ಇಲ್ಲ. ನಾನು ಹೆಚ್ಚು ನೆಚ್ಚಿಕೊಂಡಿರುವುದು ಕನ್ನಡಿಯ ಅಭ್ಯಾಸವನ್ನು. ಮನೆಯವರು ಹೇಳುವ "ಕನ್ನಡಿ ನೋಡ್ಕೋ" ಎಂಬುದಕ್ಕೂ ಇದಕ್ಕೂ ಅಜಗಜಾಂತರವಿದೆ. ನಿಲುಗನ್ನಡಿಯ ಮುಂದೆ ನಿಂತು ತಲೆಗೂದಲಿನಿಂದ ಪಾದದವರೆಗೆ ಪ್ರತಿ ಭಾಗವನ್ನೂ, ಯಾವುದನ್ನೂ ಬಿಡದೆ, ಯಾವುದರಲ್ಲೂ ತಂಗದೆ ವರ್ಣಿಸಬೇಕು. ಫೋನಿನಲ್ಲಿ ಕೇಳಿಸಿಕೊಂಡು ಚಿತ್ರ ಬಿಡಿಸುವವರಿಗೆ ಹೇಳುವಷ್ಟು ನಿಖರವಾಗಿ. ಚಂದ, ಕೆಟ್ಟ, ದಪ್ಪ, ಅಸಹ್ಯ ಎಂಬ ಮಾತುಗಳು ಬರುವಂತಿಲ್ಲ. ಬಣ್ಣ, ಆಕಾರ, ರೇಖೆ, ಇರುವ ಜಾಗ ಇಷ್ಟೇ. ನಮ್ಮ ವಿದ್ಯಾರ್ಥಿನಿ ಮೊದಲ ದಿನ ಹಣೆ, ಹುಬ್ಬು, ಮೂಗು ಎಂದು ಓಡುತ್ತ ಬಂದು ಕುತ್ತಿಗೆಯ ಕೆಳಗೆ ಒಂದೇ ಮಾತಿನಲ್ಲಿ "ಆಮೇಲೆ ಎಲ್ಲ ಬರೀ ದಪ್ಪ" ಎಂದು ನಿಲ್ಲಿಸಿಬಿಟ್ಟಳು. ದಪ್ಪ ಎಂಬುದು ಬಣ್ಣವೋ ಆಕಾರವೋ ಎಂದು ಕೇಳಿದೆ. ಅವಳು ಅತ್ತಳು. ನಾಲ್ಕನೆಯ ವಾರದ ಹೊತ್ತಿಗೆ "ಭುಜದ ಮೂಳೆ ಹೊರಗೆ ಬಂದಿದೆ, ಅದರ ಕೆಳಗೆ ನೆರಳು ಬಿದ್ದಿದೆ, ಎಡ ಮೊಣಕೈಯಲ್ಲಿ ಸಣ್ಣವಳಿದ್ದಾಗ ಕೆರೆದಂಡೆಯಲ್ಲಿ ಬಿದ್ದ ಗಾಯದ ಕಲೆ" ಎಂದು ಹೇಳತೊಡಗಿದಳು. ಒಂದೇ ಕಡೆ ನೆಟ್ಟಿದ್ದ ದೃಷ್ಟಿ ಇಡೀ ಮೈಯ ಮೇಲೆ ಹರಡಿದಾಗ ಆ ಒಂದು ಕಡೆಯ ಗಾತ್ರ ತಾನಾಗಿ ಕುಗ್ಗುತ್ತದೆ. ಆರಂಭದಲ್ಲಿ ಈ ಅಭ್ಯಾಸ ನೋವು ಕೊಡುತ್ತದೆ. ತರಬೇತಿ ಪಡೆದವರು ಪಕ್ಕದಲ್ಲಿರಲೇಬೇಕು.

ಇದರ ಜೊತೆಗೆ ನಡೆಯುವುದು ಮಾತಿನ ಚಿಕಿತ್ಸೆ. ಆಕ್ಸ್‌ಫರ್ಡಿನ ಕ್ರಿಸ್ಟಫರ್ ಫೇರ್‌ಬರ್ನ್ ಅವರು ಊಟದ ಅಸ್ವಸ್ಥತೆಗಳಿಗೆಂದೇ ರೂಪಿಸಿದ ವಿಧಾನ ಸಾಮಾನ್ಯವಾಗಿ 20 ಭೇಟಿಗಳದ್ದು, ತೂಕ ತೀರಾ ಕಡಿಮೆಯಿದ್ದರೆ ಸುಮಾರು 40. ಅದರಲ್ಲಿ ನನಗೆ ಅತ್ಯಂತ ಉಪಯುಕ್ತವೆನಿಸಿದ್ದು "ದಪ್ಪ ಅನ್ನಿಸ್ತಿದೆ" ಎಂಬ ಮಾತನ್ನು ಬಿಡಿಸಿ ನೋಡುವ ಕ್ರಮ. ದಪ್ಪ ಎಂಬುದು ಭಾವನೆಯಲ್ಲ. ಅದು ಬೇರೆ ಯಾವುದೋ ಭಾವನೆಯ ಮೇಲಿನ ಮುಚ್ಚಳ. ಇಂದು ಬೆಳಿಗ್ಗೆ ಇಲ್ಲದ ದಪ್ಪ ಸಂಜೆ ಹೇಗೆ ಬಂತು, ನಡುವೆ ಏನಾಯಿತು ಎಂದು ಹುಡುಕುತ್ತ ಹೋದರೆ ಪರೀಕ್ಷೆಯ ಅಂಕವೋ, ಗೆಳತಿಯ ಮುನಿಸೋ, ಬಿಗಿಯಾದ ಚೂಡಿದಾರವೋ, ಮುಟ್ಟಿನ ಹಿಂದಿನ ದಿನದ ಭಾರವೋ ಸಿಗುತ್ತದೆ.

ಎಲ್ಲರಿಗೂ ಈ ದಾರಿ ಹೊಂದುವುದಿಲ್ಲ. ಭಾರತದಲ್ಲಿ, ಹಾಂಗ್‌ಕಾಂಗಿನಲ್ಲಿ ವೈದ್ಯರು ಕಂಡ ಹಲವು ರೋಗಿಗಳಿಗೆ ದಪ್ಪವಾಗುವ ಭಯವೇ ಇರಲಿಲ್ಲ. ಹೊಟ್ಟೆ ಉಬ್ಬರ, ಊಟ ಸೇರದು, ಗಂಟಲಲ್ಲಿ ಇಳಿಯದು ಎಂದಷ್ಟೇ ಅವರು ಹೇಳುತ್ತಿದ್ದರು. ಅಂಥವರಿಗೆ ದಾರ ಹಿಡಿದು ಕೂರಿಸಿದರೆ ಪ್ರಯೋಜನವಿಲ್ಲ, ಮೊದಲು ದೈಹಿಕ ಕಾರಣಗಳನ್ನು ಪರೀಕ್ಷಿಸಬೇಕು. ಬುಲಿಮಿಯಾ, ಅಂದರೆ ಮಿತಿಮೀರಿ ತಿಂದು ಆಮೇಲೆ ವಾಂತಿ ಮುಂತಾದವುಗಳಿಂದ ಹೊರಹಾಕುವ ಕಾಯಿಲೆ ಇರುವವರು ಹೆಚ್ಚಾಗಿ ನೋಡಲು ಸಾಮಾನ್ಯ ತೂಕದವರೇ ಆಗಿರುವುದರಿಂದ ಅವರ ಸಂಕಟ ವರ್ಷಗಟ್ಟಲೆ ಯಾರಿಗೂ ತಿಳಿಯುವುದಿಲ್ಲ. ಜಿಮ್ಮಿಗೆ ಹೋಗುವ ಕೆಲವು ಹುಡುಗರಲ್ಲಿ ಇದೇ ತಪ್ಪು ತಿರುವುಮುರುವಾಗಿರುತ್ತದೆ: ತೋಳು ಎಷ್ಟು ಬೆಳೆದರೂ ತಾನು ನರಪೇತಲ ಎಂದೇ ಕಾಣುತ್ತದೆ.

ಮನೆಯವರು ಮಾಡಬಹುದಾದದ್ದು ಬಹಳವಿದೆ, ಮತ್ತು ಅದರಲ್ಲಿ ಹೆಚ್ಚಿನದು ಮಾತು ಬಿಡುವುದೇ. ನಮ್ಮ ಕಡೆ ಮದುವೆ, ಉಪನಯನ, ಜಾತ್ರೆ ಯಾವುದರಲ್ಲಿ ಸೇರಿದರೂ ಮೊದಲ ಮಾತು ಮೈಯದ್ದೇ: "ಎಷ್ಟ್ ಸಪೂರ ಆಗಿದ್ದೀಯೇ", "ಈಗ ಸ್ವಲ್ಪ ತುಂಬ್ಕಂಡಿದ್ದೀ, ಚಂದ ಆತು." ಅದರಲ್ಲಿ ಪ್ರೀತಿಯಿದೆ ಎಂಬುದನ್ನು ನಾನು ಬಲ್ಲೆ, ನಾನೂ ಅದೇ ಮಾತಿನಲ್ಲಿ ಬೆಳೆದವಳು. ಆದರೆ ಗುಣವಾಗುತ್ತಿರುವ ಹುಡುಗಿಗೆ "ತುಂಬ್ಕಂಡಿದ್ದೀ" ಎಂಬ ಒಂದು ಪದ ವಾರಗಳ ಕೆಲಸವನ್ನು ಅಳಿಸಿಹಾಕಬಲ್ಲದು. ಬಡಿಸುವಾಗ ಲೆಕ್ಕ ಹಾಕದೆ, ಒತ್ತಾಯದ ಜಗಳವಾಡದೆ, ಊಟದ ಹೊತ್ತನ್ನು ತಪ್ಪಿಸದೆ, ಪಕ್ಕದಲ್ಲಿ ಕುಳಿತು ಬೇರೆ ಮಾತಾಡುತ್ತ ಉಣ್ಣುವುದು ಉತ್ತಮ. ಏಕಾದಶಿ, ಸಂಕಷ್ಟಿ, ಶನಿವಾರ ಎಂದು ಉಪವಾಸಗಳು ಒಂದೊಂದಾಗಿ ಹೆಚ್ಚುತ್ತಿದ್ದರೆ ಅದು ಭಕ್ತಿಯೋ ಕಾಯಿಲೆಯ ಮರೆಯೋ ಎಂದು ಮೆಲ್ಲಗೆ ಕೇಳಬೇಕು.

ತಲೆ ಸುತ್ತಿ ಬೀಳುವುದು, ಮುಟ್ಟು ನಿಲ್ಲುವುದು, ಕೈಕಾಲು ಸದಾ ತಣ್ಣಗಿರುವುದು, ಎದೆಬಡಿತ ನಿಧಾನವಾಗುವುದು ಕಂಡರೆ ಆಪ್ತಸಮಾಲೋಚನೆಗಿಂತ ಮೊದಲು ಆಸ್ಪತ್ರೆ. ಅನೊರೆಕ್ಸಿಯಾ ಮನೋರೋಗಗಳಲ್ಲೇ ಅತಿ ಹೆಚ್ಚು ಜೀವ ತೆಗೆಯುವವುಗಳಲ್ಲಿ ಒಂದು. ಕಾರವಾರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಇದೆ, ಬೆಂಗಳೂರಿನ ನಿಮ್ಹಾನ್ಸ್ ಇದೆ; ಎಲ್ಲಿಗೆ ಹೋಗಬೇಕೆಂದೇ ತಿಳಿಯದಿದ್ದಾಗ 14416ಕ್ಕೆ ಕರೆ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್ ಸೇವೆಯಲ್ಲಿ ಕನ್ನಡದಲ್ಲೇ ಮಾತಾಡಬಹುದು, ಹಗಲು ರಾತ್ರಿ ಎನ್ನದೆ, ಹಣವಿಲ್ಲದೆ.

ನಮ್ಮ ವಿದ್ಯಾರ್ಥಿನಿಯ ಎರಡು ದಾರದ ವೃತ್ತಗಳು ಇನ್ನೂ ಒಂದಾಗಿಲ್ಲ. ವರ್ಷ ಕಳೆದಿದೆ, ನಡುವಿನ ಜಾಗ ನಾಲ್ಕು ಬೆರಳಿನಿಂದ ಎರಡು ಬೆರಳಿಗೆ ಬಂದಿದೆ. ನೆಂಟರ ಮನೆಯ ಮದುವೆ ಮುಗಿಸಿ ಬಂದ ವಾರ ಮತ್ತೆ ಮೂರಾಗಿತ್ತು. ಹಾಸ್ಟೆಲಿನಲ್ಲಿ ಎರಡು ಹೊತ್ತು ಗೆಳತಿಯರ ಜೊತೆ ಉಣ್ಣುತ್ತಾಳೆ, ಮಣಿಕಟ್ಟು ಸುತ್ತಿ ನೋಡಿಕೊಳ್ಳುವುದು ದಿನಕ್ಕೊಮ್ಮೆಗೆ ಇಳಿದಿದೆ. ಕಳೆದ ಮಳೆಗಾಲದ ಒಂದು ಮಧ್ಯಾಹ್ನ, ಒದ್ದೆ ಕೊಡೆಯನ್ನು ಒಂದು ಕೈಯಲ್ಲೂ ಪುಸ್ತಕದ ಚೀಲವನ್ನು ಇನ್ನೊಂದರಲ್ಲೂ ಹಿಡಿದು, ಬಸ್ಸು ತಡವಾದ ಕಥೆ ಹೇಳುತ್ತ ಅವಳು ನನ್ನ ಕೋಣೆಯ ಬಾಗಿಲನ್ನು ನೇರವಾಗಿ ದಾಟಿ ಬಂದಳು. ಅವಳಿಗೆ ಅದು ಗೊತ್ತಾಗಲಿಲ್ಲ, ನಾನೂ ಹೇಳಲಿಲ್ಲ.